ನೀರಿಗೆ ಬಿದ್ದ ಎಂಜಿನ್: ಮೊದಲ ಕೆಲವು ಗಂಟೆಗಳ ಲೆಕ್ಕ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟ್‌ಗಳ ಮೀನುಗಾರಿಕೆಗೆ ನಿಷೇಧ. ಆಗ ಕಡಲಿಗಿಳಿಯೋದು ಔಟ್‌ಬೋರ್ಡ್ ಎಂಜಿನ್ ಕಟ್ಟಿಕೊಂಡ ನಾಡದೋಣಿಗಳು. ಅಳಿವೆಯಲ್ಲಿ ಅಲೆಗೆ ಸಿಕ್ಕಿ ದೋಣಿ ಮಗುಚಿದರೆ ಮೊದಲು ಜನ ದಡ ಸೇರಬೇಕು. ಆಮೇಲಿನ ಪ್ರಶ್ನೆ ಎಂಜಿನ್‌ದು. ಆ ಮನೆಗಳ ಮಳೆಗಾಲದ ದುಡಿಮೆ ನಿಂತಿರೋದು ಅದರ ಮೇಲೆ.

"ಇವತ್ತು ಒಣಗಲಿ, ನಾಳೆ ನೋಡೋಣ" ಅಂದರೆ ಎಂಜಿನ್ ಕೆಟ್ಟಂತೆಯೇ. ತುಕ್ಕಿಗೆ ನೀರೂ ಬೇಕು, ಆಮ್ಲಜನಕವೂ ಬೇಕು. ನೀರಿನಲ್ಲಿ ಕರಗಿರುವ ಆಮ್ಲಜನಕ ಕಡಿಮೆ. ಮೇಲೆತ್ತಿದ ಕೂಡಲೇ ಒದ್ದೆ ಲೋಹಕ್ಕೆ ಗಾಳಿ ಧಾರಾಳವಾಗಿ ಸಿಗುತ್ತೆ. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತೆ. ಅದರ ಕ್ಲೋರೈಡ್ ಅಲ್ಯೂಮಿನಿಯಂ ಮೇಲಿನ ಆಕ್ಸೈಡ್ ಪದರವನ್ನು ಒಡೆದು ಗುಳಿ ಬೀಳಿಸುತ್ತೆ. ಉಕ್ಕಿನ ಬೇರಿಂಗ್‌ಗೆ ತುಕ್ಕು ಹತ್ತುತ್ತೆ. ಹಾಗಾಗಿ ತಕ್ಷಣ ಬಿಚ್ಚೋಕೆ ಆಗಲ್ಲ ಅಂದರೆ, ಎಂಜಿನ್ನನ್ನು ಸಿಹಿನೀರಿನ ಡ್ರಮ್ಮಿನಲ್ಲಿ ಪೂರ್ತಿ ಮುಳುಗಿಸಿಡೋದೇ ವಾಸಿ. ಕೇಳೋಕೆ ವಿಚಿತ್ರ, ಆದರೆ ಲೆಕ್ಕ ಸರಿ.

ಕೈ ಹಾಕುವ ಮುಂಚೆ ಒಂದು ಮಾತು ಕೇಳಬೇಕು: ಮುಳುಗುವಾಗ ಎಂಜಿನ್ ಓಡ್ತಿತ್ತಾ? ನೀರನ್ನು ಗಾಳಿಯ ಹಾಗೆ ಒತ್ತಿ ಕುಗ್ಗಿಸೋಕೆ ಆಗಲ್ಲ. ಸಿಲಿಂಡರಿನಲ್ಲಿ ನೀರಿದ್ದಾಗ ಪಿಸ್ಟನ್ ಮೇಲೆ ಬಂದರೆ ಕನೆಕ್ಟಿಂಗ್ ರಾಡ್ ಬಾಗಬಹುದು. ಸ್ಪಾರ್ಕ್ ಪ್ಲಗ್ ತೆಗೆದು, ಫ್ಲೈವೀಲನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸಿ ನೋಡೋಣ. ಎಲ್ಲಾದರೂ ಹಿಡಿದರೆ ಅಲ್ಲಿಗೇ ನಿಲ್ಲಿಸಿ, ಬಿಚ್ಚಿಯೇ ನೋಡಬೇಕು.

ಸಲೀಸಾಗಿ ತಿರುಗಿದರೆ ಕೆಲಸದ ಕ್ರಮ ಹೀಗೆ:

1. ಬ್ಯಾಟರಿ ಇದ್ದರೆ ಕಳಚಿ. ಮುಚ್ಚಳ ತೆಗೆದು ಉಪ್ಪು, ಮರಳು ಹೋಗುವಂತೆ ಸಿಹಿನೀರಲ್ಲಿ ತೊಳೆಯಿರಿ.

2. ಪ್ಲಗ್ ತೂತು ಕೆಳಮುಖವಾಗಿಟ್ಟು, ಸ್ಟಾರ್ಟರ್ ಹಗ್ಗವನ್ನು ನಿಧಾನಕ್ಕೆ ಎಳೆದು ನೀರು ಹೊರಹಾಕಿ.

3. ಕಾರ್ಬುರೇಟರ್, ಪೈಪು, ಟ್ಯಾಂಕ್ ಖಾಲಿ ಮಾಡಿ. ಪೆಟ್ರೋಲಲ್ಲಿ ಸ್ಟಾರ್ಟ್ ಆಗಿ ಸೀಮೆಎಣ್ಣೆಯಲ್ಲಿ ಓಡುವ ಎಂಜಿನ್ ಆದರೆ ಎರಡೂ ಇಂಧನ ಬದಲಿಸಿ.

4. ಸಿಲಿಂಡರಿಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ತಿರುಗಿಸಿ; ಉಳಿದ ನೀರನ್ನು ಅದು ತನ್ನೊಳಗೆ ಬೆರೆಸಿಕೊಂಡು ಹೊರಬರುತ್ತೆ. ಹತ್ತಿರ ಬೆಂಕಿ, ಕಿಡಿ ಇರಬಾರದು. ಆಮೇಲೆ ಎಂಜಿನ್ ಆಯಿಲ್ ಬಿಟ್ಟು ಮತ್ತೆ ತಿರುಗಿಸಿ.

5. ಫೋರ್ ಸ್ಟ್ರೋಕ್ ಆದರೆ ಆಯಿಲ್ ಬದಲಿಸಿ. ಓಡಿಸಿದ ಮೇಲೆ ಅದು ಹಾಲಿನಂತೆ ಬಿಳುಚಿದರೆ ಇನ್ನೊಮ್ಮೆ ಬದಲಿಸಿ.

6. ವಯರ್ ಜೋಡಣೆಗಳನ್ನು ತೊಳೆದು ಒಣಗಿಸಿ, ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ.

ಸ್ಟಾರ್ಟ್ ಮಾಡುವಾಗ ಎಂಜಿನ್ನಿನ ಕೆಳಭಾಗ ನೀರಿನ ಡ್ರಮ್ಮಿನಲ್ಲೇ ಇರಲಿ. ನೀರಿಲ್ಲದೆ ಓಡಿದರೆ ಪಂಪಿನ ರಬ್ಬರ್ ಇಂಪೆಲ್ಲರ್ ಸುಟ್ಟುಹೋಗುತ್ತೆ. ಸದ್ದು ಬಂತು ಅಂತ ಆಫ್ ಮಾಡಬೇಡಿ. ಕನಿಷ್ಠ ಅರ್ಧ ಗಂಟೆ ಓಡಲಿ, ಒಳಗಿನ ತೇವ ಬಿಸಿಗೆ ಆರಲಿ. ಗೇರ್ ಆಯಿಲನ್ನೂ ನೋಡಿ. ಅದು ಬಿಳುಚಿದ್ದರೆ ಸೀಲ್ ಮೂಲಕ ನೀರು ಹೊಕ್ಕಿದೆ ಅಂತ ಅರ್ಥ. ಅದನ್ನು ಸರಿಮಾಡದೆ ಮತ್ತೆ ಕಡಲಿಗಿಳಿಯಬಾರದು.