ಮೊದಲು ‘ಲಕ್ಷ್ಮೇಶ್ವರ’ ಅಂತ ಬರೆದು ನೋಡಿ

ಶಿರಹಟ್ಟಿಯ ಫಕೀರೇಶ್ವರ ಜಾತ್ರೆ ಇರಲಿ, ಮುಂಡರಗಿ ಕಡೆಯ ಹಳ್ಳಿ ನಾಟಕ ಇರಲಿ, ಪೇಂಟರು ಕುಂಚ ಹಿಡಿದು ಬರೆಯುತ್ತಿದ್ದ ಹೆಸರಿಗೆ ಒಂದು ಬಳುಕು ಇರುತ್ತಿತ್ತು. ಈಗಿನ ಫ್ಲೆಕ್ಸ್‌ಗಳಲ್ಲಿ ಅದು ಕಾಣುವುದೇ ಅಪರೂಪ. ಕೈಬರಹದ ಲವಲವಿಕೆಯನ್ನು ಒಂದಿಷ್ಟಾದರೂ ಮರಳಿ ತರಬಲ್ಲ ಫಾಂಟು ‘ಅಕಾಯ ಕನಡಕ’. ವೈಷ್ಣವಿ ಮೂರ್ತಿ ಮತ್ತು ಹ್ವಾನ್ ಲೂಯಿಸ್ ಬ್ಲಾಂಕೊ ರೂಪಿಸಿದ್ದು. ಇದರ ತೆಲುಗು ಜೋಡಿ ‘ಅಕಾಯ ತೆಲಿವಿಗಲ’.

ಗೂಗಲ್ ಫಾಂಟ್ಸ್ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಮುಕ್ತ ಪರವಾನಗಿ ಇರುವುದರಿಂದ ದುಡ್ಡಿನ ಕೆಲಸಕ್ಕೂ ಬಳಸಬಹುದು. ಇದು ಯೂನಿಕೋಡ್ ಫಾಂಟು. ಹಳೆಯ ನುಡಿ ಆಸ್ಕಿ ಫೈಲಿನ ಪಠ್ಯಕ್ಕೆ ಹಾಕಿದರೆ ಇಂಗ್ಲಿಷ್ ಚಿಹ್ನೆಗಳಷ್ಟೇ ಕಾಣುತ್ತವೆ. ಮೊದಲು ಪರಿವರ್ತಿಸಿಕೊಳ್ಳಿ ಇಲ್ಲವೇ ಹೊಸದಾಗಿ ಟೈಪ್ ಮಾಡಿ.

ಇನ್ನು ಪರೀಕ್ಷೆ. ‘ಗದಗ’ ಬರೆದು ಫಾಂಟು ಚೆನ್ನಾಗಿದೆ ಎಂದುಕೊಳ್ಳಬೇಡಿ. ಅದರಲ್ಲಿ ಒತ್ತೂ ಇಲ್ಲ, ಗುಣಿತವೂ ಇಲ್ಲ, ಬರೀ ತಲಕಟ್ಟು. ‘ಬೆಟಗೇರಿ’, ‘ಮುಂಡರಗಿ’ಗಳಿಗೆ ಗುಣಿತವಿದೆ, ಒತ್ತಿಲ್ಲ. ‘ಶಿರಹಟ್ಟಿ’ಗೆ ಒಂದು ಒತ್ತು. ನಿಜವಾದ ಪರೀಕ್ಷೆ ‘ಲಕ್ಷ್ಮೇಶ್ವರ’. ಕ ಅಕ್ಷರಕ್ಕೆ ಷ, ಮ ಎರಡೂ ಒತ್ತಾಗಬೇಕು, ಏತ್ವದ ದೀರ್ಘ ಬೇರೆ. ಬೆನ್ನಿಗೇ ಶಕಾರಕ್ಕೆ ವ ಒತ್ತು. ಇವು ಒಡೆದು ಬಿಡಿಬಿಡಿಯಾಗಿ ಕಂಡರೆ ತಪ್ಪು ಸಾಮಾನ್ಯವಾಗಿ ಫಾಂಟಿನದಲ್ಲ, ಸಾಫ್ಟ್‌ವೇರಿನದು. ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ ಹೀಗಾಗುತ್ತದೆ. ಉಚಿತವಾಗಿ ಸಿಗುವ ಇಂಕ್‌ಸ್ಕೇಪ್ ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆ. ಊರಿನ ಹೆಸರು ಒಡೆದ ಫ್ಲೆಕ್ಸ್ ಅಗಸಿಯಲ್ಲಿ ನಿಂತರೆ ನನಗೆ ನಿಜಕ್ಕೂ ನೋವಾಗುತ್ತದೆ.

ಒತ್ತಕ್ಷರ ಕೆಳಗಿನ ಸಾಲಿನ ಗುಣಿತಕ್ಕೆ ತಾಗದಂತೆ ಸಾಲುಗಳ ನಡುವೆ ಅಕ್ಷರದ ಅಳತೆಯ ಒಂದೂವರೆ ಪಟ್ಟು ಅಂತರದಿಂದ ಶುರುಮಾಡಿ, ಕಣ್ಣಿಗೆ ಹಿತವೆನಿಸುವವರೆಗೆ ಹೊಂದಿಸಿ. ಜಾಗ ಸಾಲದಿದ್ದರೆ ಅಳತೆ ಇಳಿಸಿ. ಅಕ್ಷರವನ್ನು ಅಡ್ಡಡ್ಡ ಹಿಗ್ಗಿಸಬೇಡಿ, ಒತ್ತಿ ಕುಗ್ಗಿಸಲೂಬೇಡಿ. ದಪ್ಪ ಅಂಚು, ನೆರಳು ಬೇಡವೇ ಬೇಡ. ಒತ್ತಿನ ಒಳಗಿನ ಸಂದು ಮುಚ್ಚಿಹೋಗುತ್ತದೆ.

ಈ ಫಾಂಟು ನಾಟಕದ ಹೆಸರಿಗೆ, ಬೆಟಗೇರಿ ಸೀರೆ ಅಂಗಡಿಯ ಬೋರ್ಡಿಗೆ, ಉಪ್ಪಿನಕಾಯಿ ಲೇಬಲ್ಲಿಗೆ, ಮಕ್ಕಳ ಪುಸ್ತಕದ ಮುಖಪುಟಕ್ಕೆ ಒಪ್ಪುತ್ತದೆ. ಅದೂ ಒಂದೆರಡು ಸಾಲಿಗೆ ಮಾತ್ರ. ಪಾತ್ರಧಾರಿಗಳ ಪಟ್ಟಿ, ವೇಳೆ, ಫೋನ್ ನಂಬರನ್ನು ಬಲೂ ತಮ್ಮ 2 ಅಥವಾ ನೋಟೋ ಸ್ಯಾನ್ಸ್ ಕನ್ನಡದಲ್ಲಿ ಹಾಕಿ. ಉಪಶೀರ್ಷಿಕೆಗೆ ಎರಿನ್ ಮೆಕ್‌ಲಾಫ್ಲಿನ್ ಮಾಡಿದ, ಒಂದೇ ದಪ್ಪದ ಗೆರೆಯ ‘ಹುಬ್ಬಳ್ಳಿ’ ಇದೆ. ನಮ್ಮ ಪಕ್ಕದ ಊರಿನ ಹೆಸರೇ!

ಅಚ್ಚಿಗೆ ಕೊಡುವ ಮುನ್ನ ಎ4 ಹಾಳೆಯಲ್ಲಿ ಒಂದು ಪ್ರತಿ ತೆಗೆದು ಗೋಡೆಗೆ ಅಂಟಿಸಿ, ಹತ್ತು ಹೆಜ್ಜೆ ಹಿಂದೆ ನಿಂತು ಓದಿ. ಮನೆಯ ಹಿರಿಯರಿಂದಲೂ ಓದಿಸಿ. ಅವರು ತಡವರಿಸಿದ ಕಡೆ ಅಕ್ಷರ ದೊಡ್ಡದಾಗಬೇಕು. ಆಮೇಲೆ ಅಕ್ಷರಗಳನ್ನು ಗೆರೆಚಿತ್ರವಾಗಿ ಬದಲಿಸಿ: ಇಂಕ್‌ಸ್ಕೇಪಿನಲ್ಲಿ ‘ಆಬ್ಜೆಕ್ಟ್ ಟು ಪಾತ್’, ಕೋರೆಲ್‌ನಲ್ಲಿ ‘ಕನ್ವರ್ಟ್ ಟು ಕರ್ವ್ಸ್’. ಆಗ ಅಚ್ಚಿನ ಅಂಗಡಿಯ ಕಂಪ್ಯೂಟರಿನಲ್ಲಿ ಆ ಫಾಂಟು ಇಲ್ಲದಿದ್ದರೂ ಒತ್ತು ಕದಲುವುದಿಲ್ಲ. ಬದಲಿಸುವ ಮುಂಚಿನ ಫೈಲನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ, ಮುಂದಿನ ಜಾತ್ರೆಗೆ ತಾರೀಖು ತಿದ್ದಬೇಕಲ್ಲ.