ಕಾಲ್ಚೆಂಡಾಟದ ದೊಡ್ಡ ಕ್ಲಬ್ಬುಗಳೂ ನೆಲೆನಿಲ್ಲದ ಮ್ಯಾನೇಜರರೂ

ನಮ್ಮ ಕಾಸರಗೋಡು ಸೀಮೆಯಲ್ಲಿ ಕಾಲ್ಚೆಂಡಾಟದ ಮೇಲಿನ ಮೋಹ ಎಷ್ಟೆಂಬುದನ್ನು ಇಲ್ಲಿಯ ಓದುಗರಿಗೆ ವಿವರಿಸಬೇಕಾಗಿಲ್ಲ. ಗದ್ದೆಗಳ ಕೊಯ್ಲು ಮುಗಿದೊಡನೆ ಏಳು ಮಂದಿಯ ತಂಡಗಳ ಪಂದ್ಯಗಳು ಪ್ರಾರಂಭವಾಗುತ್ತವೆ. ವಾರಾಂತ್ಯದ ರಾತ್ರಿಗಳಲ್ಲಿ ಇಂಗ್ಲೆಂಡಿನ ಪಂದ್ಯಗಳು ಮನೆಮನೆಗೂ ಬರುತ್ತವೆ. ನಮ್ಮ ವಿದ್ಯಾರ್ಥಿಗಳಂತೂ ಸೋಮವಾರ ಪ್ರಾರ್ಥನೆಯ ಗಂಟೆ ಹೊಡೆಯುವ ಮೊದಲೇ, ಯಾವ ಕ್ಲಬ್ಬಿನ ಮ್ಯಾನೇಜರನ್ನು ತೆಗೆದುಹಾಕಬೇಕೆಂದು ತೀರ್ಪು ಕೊಟ್ಟು ಮುಗಿಸಿರುತ್ತಾರೆ. ಮನೆಯಲ್ಲಿ ತಂದೆಯವರೂ ಈ ನ್ಯಾಯಾಸನದಲ್ಲಿ ಕುಳಿತುಕೊಳ್ಳುವುದುಂಟೆಂದು ಕೇಳಿದ್ದೇವೆ. ತೀರ್ಪಿಗೆ ಮೊದಲು ಸಾಕ್ಷ್ಯವನ್ನು ನೋಡುವುದು ಲೇಸಲ್ಲವೆ? ಅದನ್ನು ಒಂದಿಷ್ಟು ಒದಗಿಸುವುದೇ ಈ ಪಾಠದ ಉದ್ದೇಶ.

ಇಲ್ಲಿ ಮ್ಯಾನೇಜರ್ ಎಂದರೆ ಬ್ಯಾಂಕಿನಲ್ಲಿರುವಂತೆ ಲೆಕ್ಕಪತ್ರ ನೋಡುವವನಲ್ಲ. ಇಂಗ್ಲೆಂಡಿನ ಹಳೆಯ ಪದ್ಧತಿಯಲ್ಲಿ ಆಟಗಾರರನ್ನು ಆರಿಸುವುದು, ಕೊಳ್ಳುವುದು, ಮಾರುವುದು, ಯಾರು ಎಲ್ಲಿ ಆಡಬೇಕೆಂದು ನಿಶ್ಚಯಿಸುವುದು, ಎಳೆಯರನ್ನು ಬೆಳೆಸುವುದು ಎಲ್ಲವೂ ಆತನದೇ. ಇತ್ತೀಚಿನ ವರ್ಷಗಳಲ್ಲಿ ಕೊಳ್ಳುವ ಮಾರುವ ಹೊಣೆ ಬಹುಮಟ್ಟಿಗೆ ಬೇರೆಯವರ ಕೈಗೆ ಹೋಗಿದೆ. ಆದರೆ ತಂಡ ಸೋತಾಗ ಹೊರಗೆ ಹೋಗುವವನು ಮಾತ್ರ ಅವನೊಬ್ಬನೇ. ಇಪ್ಪತ್ತೈದು ಆಟಗಾರರನ್ನು ಒಮ್ಮೆಗೇ ಕಳುಹಿಸುವಂತಿಲ್ಲ. ಮಾಲೀಕನು ತನ್ನನ್ನು ತಾನೇ ತೆಗೆದುಹಾಕಿಕೊಳ್ಳುವುದೂ ಇಲ್ಲ.

ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬಿನ ಚರಿತ್ರೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅಲೆಕ್ಸ್ ಫರ್ಗುಸನ್ನರು 1986ರ ನವೆಂಬರಿನಲ್ಲಿ ಅಲ್ಲಿಗೆ ಬಂದಾಗ, 22 ತಂಡಗಳ ಲೀಗಿನಲ್ಲಿ ಅದು ಕೆಳಗಿನಿಂದ ಎರಡನೆಯದಾಗಿತ್ತು. ಮೊದಲ ಋತು 11ನೆಯ ಸ್ಥಾನದಲ್ಲಿ ಮುಗಿಯಿತು. ಮರುವರ್ಷ ಎರಡನೆಯ ಸ್ಥಾನ ದೊರೆಯಿತಾದರೂ ಅದರ ಮರುವರ್ಷ ಪುನಃ 11, ಬಳಿಕ 13. ಮೂರು ವರ್ಷ ಕಳೆದ ಮೇಲೂ ಮುಂದಕ್ಕೆ ಹೋಗುವ ಬದಲು ಹಿಂದಕ್ಕೆ! 1989ರ ಸೆಪ್ಟೆಂಬರಿನಲ್ಲಿ ಅದೇ ಊರಿನ ಮ್ಯಾಂಚೆಸ್ಟರ್ ಸಿಟಿ ತಂಡ ಅವರನ್ನು 5–1ರಿಂದ ಸೋಲಿಸಿತು. ಆ ವರ್ಷದ ಕೊನೆಗೆ ಓಲ್ಡ್ ಟ್ರಾಫರ್ಡ್ ಮೈದಾನದಲ್ಲಿ ಅಭಿಮಾನಿಯೊಬ್ಬನು, ಮೂರು ವರ್ಷ ಕೇಳಿದ ನೆಪಗಳು ಸಾಕು, ಇನ್ನು ಹೋಗಿ ಬನ್ನಿ ಎಂಬರ್ಥದ ಫಲಕವನ್ನೇ ಎತ್ತಿ ಹಿಡಿದನು. ನಮ್ಮ ಸೋಮವಾರದ ನ್ಯಾಯಾಧೀಶರು ಆಗ ಅಲ್ಲಿದ್ದಿದ್ದರೆ ಏನು ಹೇಳುತ್ತಿದ್ದರೆಂಬುದನ್ನು ಊಹಿಸುವುದು ಕಷ್ಟವಲ್ಲ.

ಆದರೆ ಅಧ್ಯಕ್ಷರಾದ ಮಾರ್ಟಿನ್ ಎಡ್ವರ್ಡ್ಸ್ ಅವರೂ ಆಡಳಿತ ಮಂಡಲಿಯೂ ತಾಳಿಕೊಂಡರು. 1990ರ ಮೇ ತಿಂಗಳಿನಲ್ಲಿ ಎಫ್. ಎ. ಕಪ್ ಕೈಗೆ ಬಂದಿತು. 1993ರಲ್ಲಿ, 26 ವರ್ಷಗಳ ತರುವಾಯ, ಲೀಗಿನ ಪ್ರಶಸ್ತಿ ಬಂದಿತು. 2013ರಲ್ಲಿ ಫರ್ಗುಸನ್ನರು ನಿವೃತ್ತರಾಗುವಾಗ ಲೀಗಿನ ಪ್ರಶಸ್ತಿಗಳೇ 13. ಆ ಮೊದಲ ಬರಡು ವರ್ಷಗಳಲ್ಲಿ ಅವರು ಮಾಡುತ್ತಿದ್ದ ಕೆಲಸವು ಅಂಕಪಟ್ಟಿಯಲ್ಲಿ ಕಾಣುವಂಥದಲ್ಲ. ಊರಿನ ಸುತ್ತಮುತ್ತ ಪ್ರತಿಭೆಯುಳ್ಳ ಬಾಲಕರನ್ನು ಹುಡುಕಿಸುತ್ತಿದ್ದರು. ರಯನ್ ಗಿಗ್ಸ್ ಎಂಬ ಹುಡುಗ ಹದಿನಾಲ್ಕನೆಯ ವಯಸ್ಸಿನಲ್ಲಿ ಬಂದು ಸೇರಿದ್ದು ಆಗಲೇ. 1992ರಲ್ಲಿ ಕಿರಿಯರ ಕಪ್ಪನ್ನು ಗೆದ್ದ ತಂಡದಲ್ಲಿ ಆತನೊಡನೆ ಡೇವಿಡ್ ಬೆಕಮ್, ಗ್ಯಾರಿ ನೆವಿಲ್, ನಿಕಿ ಬಟ್ ಇದ್ದರು. ಇಟ್ಟ ತೆಂಗಿನ ಸಸಿ ಮೂರನೆಯ ವರ್ಷ ಕಾಯಿ ಬಿಡಲಿಲ್ಲವೆಂದು ಕಡಿದುಹಾಕುವ ಕೃಷಿಕನನ್ನು ನಾವು ಈ ಸೀಮೆಯಲ್ಲಿ ಕಂಡಿಲ್ಲ.

ಇನ್ನು ಆಮೇಲಿನ ಕಥೆ. ಫರ್ಗುಸನ್ನರ ಸ್ಥಾನಕ್ಕೆ ಬಂದ ಡೇವಿಡ್ ಮೋಯ್ಸ್ ಅವರಿಗೆ ಆರು ವರ್ಷಗಳ ಕರಾರು ಕೊಡಲಾಗಿತ್ತು. ಒಂದು ವರ್ಷವೂ ತುಂಬುವ ಮೊದಲು, 2014ರ ಏಪ್ರಿಲಿನಲ್ಲಿ, ಅವರನ್ನು ಕಳುಹಿಸಲಾಯಿತು. ಅವರ ಕೈಗೆ ಬಂದದ್ದು ಚಾಂಪಿಯನ್ ತಂಡವೆಂಬುದು ನಿಜ. ಆದರೆ ಗಿಗ್ಸ್‌ಗೆ ಆಗ 39 ವರ್ಷ, ರಯೊ ಫರ್ಡಿನಂಡ್‌ಗೆ 34. ಪಾಲ್ ಸ್ಕೋಲ್ಸ್ ನಿವೃತ್ತರಾಗಿದ್ದರು. ಮುಪ್ಪಿನ ತಂಡವನ್ನು ಕೊಟ್ಟು ಯೌವನದ ಫಲವನ್ನು ಕೇಳಿದಂತಾಯಿತು. ಆ ಋತುವಿನಲ್ಲಿ ಯುನೈಟೆಡ್ ಏಳನೆಯದಾಯಿತು. ಮೋಯ್ಸ್ ಬಿಟ್ಟುಬಂದಿದ್ದ ಎವರ್ಟನ್ ಐದನೆಯದಾಯಿತೆಂಬುದೊಂದು ವಿನೋದ. ಲೂಯಿ ವಾನ್ ಗಾಲ್ ಅವರು 2016ರ ಮೇ 21ರಂದು ಎಫ್. ಎ. ಕಪ್ ಗೆದ್ದರು, 23ರಂದು ಅವರ ಕೆಲಸ ಹೋಯಿತು. ಜೋಸೆ ಮೊರಿನ್ಯೊ ಅವರು 2018ರಲ್ಲಿ ಎರಡನೆಯ ಸ್ಥಾನ ಗಳಿಸಿ ಅದೇ ಡಿಸೆಂಬರಿನಲ್ಲಿ ಹೊರಟರು. ಓಲೆ ಗುನ್ನಾರ್ ಸೋಲ್ಷೇರ್ ಅವರಿಗೂ 2021ರಲ್ಲಿ ಎರಡನೆಯ ಸ್ಥಾನ, ಅದೇ ನವೆಂಬರಿನಲ್ಲಿ ವಿದಾಯ. ಎರಿಕ್ ಟೆನ್ ಹಾಗ್ ಅವರ ಕರಾರನ್ನು 2024ರ ಜುಲೈಯಲ್ಲಿ ವಿಸ್ತರಿಸಿದ ಆಡಳಿತವೇ ಅಕ್ಟೋಬರಿನಲ್ಲಿ ಅವರನ್ನು ತೆಗೆಯಿತು. ಅವರಿಗೂ ಅವರ ಸಹಾಯಕರಿಗೂ ತೆರಬೇಕಾಗಿ ಬಂದ ಪರಿಹಾರಧನ ಒಂದು ಕೋಟಿ ಪೌಂಡಿಗೂ ಮಿಕ್ಕದ್ದು. ರೂಬೆನ್ ಅಮೊರಿಮ್ ಅವರು ಮುಂದಿನ ಋತುಗಳಿಗೆಂದು ಬಂದರು. 15ನೆಯ ಸ್ಥಾನ ಕಂಡು 2026ರ ಜನವರಿಯಲ್ಲಿ ಅವರೂ ಹೋದರು. 2013ರಿಂದ 2025ರ ವರೆಗಿನ ಹನ್ನೆರಡು ಋತುಗಳಲ್ಲಿ ಲೀಗಿನ ಪ್ರಶಸ್ತಿ ಒಂದೂ ಇಲ್ಲ.

ಪ್ರತಿಯೊಬ್ಬ ಮ್ಯಾನೇಜರೂ ತನ್ನ ಆಟದ ರೀತಿಗೆ ತಕ್ಕವರನ್ನು ಕೊಳ್ಳುತ್ತಾನೆ. ಮುಂದೆ ಬರುವವನಿಗೆ ಅವರು ಬೇಡ. ಬೇಡವಾದರೂ ಅವರ ಸಂಬಳ ನಿಲ್ಲದು. ಹೀಗೆ ಐದಾರು ಮಂದಿಯ ಆಯ್ಕೆಗಳು ಒಂದೇ ತಂಡದಲ್ಲಿ ಸೇರಿಕೊಂಡರೆ, ಐದು ಮೇಸ್ತ್ರಿಗಳು ಒಬ್ಬರ ನಕ್ಷೆಯನ್ನು ಇನ್ನೊಬ್ಬರು ನೋಡದೆ ಕಟ್ಟಿದ ಮನೆಯಂತಾಗುತ್ತದೆ. ಪರಿಹಾರಧನಕ್ಕಿಂತಲೂ ಈ ನಷ್ಟವೇ ದೊಡ್ಡದೆಂದು ನಮ್ಮ ಅಭಿಪ್ರಾಯ.

ಈಗ ಸ್ವಲ್ಪ ಗಣಿತ. ಇಂಗ್ಲೆಂಡಿನ ಲೀಗಿನಲ್ಲಿ 20 ತಂಡಗಳು, ಗೆಲ್ಲುವುದು ಒಂದೇ. ಯೂರೋಪಿನ ಚಾಂಪಿಯನ್ಸ್ ಲೀಗಿಗೆ ಸಾಮಾನ್ಯವಾಗಿ ಮೊದಲ ನಾಲ್ಕು ತಂಡಗಳು, ಕೆಲವು ವರ್ಷ ಐದು ಹೋಗುತ್ತವೆ. ಮ್ಯಾಂಚೆಸ್ಟರಿನ ಎರಡು, ಲಿವರ್‌ಪೂಲ್, ಆರ್ಸೆನಲ್, ಚೆಲ್ಸಿ, ಟಾಟೆನ್‌ಹ್ಯಾಮ್ ಈ ಆರೂ ಕ್ಲಬ್ಬುಗಳು ಆ ಸ್ಥಾನ ತಮಗೆ ಸಲ್ಲತಕ್ಕದ್ದೆಂದು ಎಣಿಸುತ್ತವೆ. ಆರು ಮಂದಿಗೆ ನಾಲ್ಕು ಪೀಠ! ಆರು ಮ್ಯಾನೇಜರರೂ ಸಮಾನವಾಗಿ ದುಡಿದರೂ, ಸಮಾನ ಬುದ್ಧಿವಂತರಾಗಿದ್ದರೂ, ಇಬ್ಬರು ನಿಂತೇ ಇರಬೇಕು. ಹೀಗೆ ನಿಂತವರನ್ನು ಅಯೋಗ್ಯರೆನ್ನುವುದು ಎಷ್ಟು ಸರಿ?

ಹೊಸಬ ಬಂದೊಡನೆ ತಂಡ ಗೆಲ್ಲುತ್ತದಲ್ಲ, ಎಂದು ವಿದ್ಯಾರ್ಥಿಗಳು ಕೇಳಬಹುದು. ಒಳ್ಳೆಯ ಪ್ರಶ್ನೆ. ಹಾಲೆಂಡಿನ ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೀಲ್ ಅವರು ಆ ದೇಶದ ಲೀಗಿನ 1986ರಿಂದ 2004ರ ವರೆಗಿನ ಫಲಿತಾಂಶಗಳನ್ನು ಪರಿಶೀಲಿಸಿ 2011ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಸೋಲಿನ ಸುಳಿಗೆ ಸಿಕ್ಕಿ ಮ್ಯಾನೇಜರನ್ನು ತೆಗೆದುಹಾಕಿದ ತಂಡಗಳನ್ನು, ಅಂಥದೇ ಸುಳಿಗೆ ಸಿಕ್ಕಿಯೂ ಉಳಿಸಿಕೊಂಡ ತಂಡಗಳೊಡನೆ ಅವರು ಹೋಲಿಸಿದರು. ಎರಡೂ ಹೆಚ್ಚುಕಡಿಮೆ ಒಂದೇ ರೀತಿಯಲ್ಲಿ ಚೇತರಿಸಿಕೊಂಡಿದ್ದವು. ತೆಗೆದುಹಾಕುವುದು ಯಾವಾಗಲೂ ತೀರ ಕೆಳಗೆ ಬಿದ್ದಾಗಲೇ. ಅಲ್ಲಿಂದ ಮುಂದೆ ಏರುವುದಷ್ಟೇ ಉಳಿದಿರುತ್ತದೆ. ನಾಲ್ಕನೆಯ ದಿನ ತಾನಾಗಿ ಇಳಿಯುವ ಜ್ವರದ ಕೀರ್ತಿ ಮೂರನೆಯ ದಿನ ನೂಲು ಕಟ್ಟಿದವನಿಗೆ ಸಲ್ಲುವಂತೆ. ತಮ್ಮ ಮಗನಿಗೆ ಒಂದು ಪರೀಕ್ಷೆಯಲ್ಲಿ ಅಂಕ ಕಡಮೆಯಾಯಿತೆಂದು ಮನೆಪಾಠದ ಮೇಷ್ಟ್ರನ್ನು ಬದಲಿಸುವ ಪೋಷಕರು ಈ ಪ್ರಬಂಧದ ಮಾತನ್ನು ಗಮನಿಸಬಹುದು.

ಪ್ರತಿಪಕ್ಷದ ಸಾಕ್ಷ್ಯವನ್ನು ಮರೆಮಾಚುವುದು ನಮಗೆ ತರವಲ್ಲ. ಚೆಲ್ಸಿ ಕ್ಲಬ್ಬು ಋತುವಿನ ನಡುವೆಯೇ 2012ರಲ್ಲಿ ಡಿ ಮತ್ತೆಯೊ ಅವರನ್ನೂ 2021ರಲ್ಲಿ ಟುಖೆಲ್ ಅವರನ್ನೂ ತಂದು, ಎರಡು ಸಲವೂ ಚಾಂಪಿಯನ್ಸ್ ಲೀಗನ್ನು ಗೆದ್ದಿತು. ಆದುದರಿಂದ ಬದಲಾವಣೆಯೆಲ್ಲ ವ್ಯರ್ಥವೆನ್ನಲಾಗದು. ಆಟಗಾರರ ವಿಶ್ವಾಸವನ್ನೇ ಕಳೆದುಕೊಂಡವನನ್ನು ಉಳಿಸಿಕೊಳ್ಳುವುದೂ ವಿವೇಕವಲ್ಲ. ಆದರೆ ಗೆದ್ದ ಆಟಗಾರರು ಹಿಂದಿನ ಮ್ಯಾನೇಜರರ ಕಾಲದಲ್ಲಿ, ಅಪಾರ ಹಣ ವೆಚ್ಚಮಾಡಿ ಕೂಡಿಸಿದವರು. ಡಿ ಮತ್ತೆಯೊ ಕಪ್ಪನ್ನು ತಂದ ಆರೇ ತಿಂಗಳಿಗೆ ಹೊರಬಿದ್ದರೆಂಬುದನ್ನೂ ಜೊತೆಗೆ ನೆನೆಯಬೇಕು. ಇನ್ನೊಂದೆಡೆ ಲಿವರ್‌ಪೂಲಿನಲ್ಲಿ ಯುರ್ಗನ್ ಕ್ಲಾಪ್ ಅವರು 2015ರ ಅಕ್ಟೋಬರಿನಲ್ಲಿ ಬಂದು, ಮೊದಲು ಎಂಟನೆಯ ಸ್ಥಾನ ಪಡೆದು, ಲೀಗನ್ನು ಗೆದ್ದದ್ದು 2020ರಲ್ಲಿ. ಆರ್ಸೆನಲಿನ ಮಿಕೆಲ್ ಆರ್ಟೆಟ ಅವರದು ಮೊದಲೆರಡು ಋತುಗಳಲ್ಲಿ ಎಂಟನೆಯ ಸ್ಥಾನ. 2023, 2024, 2025ರಲ್ಲಿ ಎರಡನೆಯದು.

ವಿದ್ಯಾರ್ಥಿಗಳಿಗೆ ಒಂದು ಕೆಲಸ. 2013–14ರಿಂದ ಹನ್ನೆರಡು ಋತುಗಳ ಲೀಗ್ ಪಟ್ಟಿಯನ್ನು ನೋಡಿ, ಮೇಲೆ ಹೇಳಿದ ಆರು ಕ್ಲಬ್ಬುಗಳ ಸ್ಥಾನವನ್ನೂ ಆಯಾ ವರ್ಷದ ಮ್ಯಾನೇಜರರ ಹೆಸರನ್ನೂ ಎರಡು ಸಾಲುಗಳಲ್ಲಿ ಬರೆಯಿರಿ. ಹೆಸರು ಬದಲಾದಲ್ಲೆಲ್ಲ ಕೆಂಪು ಶಾಯಿಯ ಗುರುತು ಹಾಕಿ, ಮುಂದಿನ ಎರಡು ವರ್ಷಗಳ ಸರಾಸರಿ ಸ್ಥಾನವನ್ನು ಹಿಂದಿನ ಎರಡರ ಸರಾಸರಿಯೊಡನೆ ಹೋಲಿಸಿ, ಗಣಿತದ ಅಧ್ಯಾಪಕರಿಗೆ ತೋರಿಸಿರಿ. ತಂದೆಯವರ ನೆರವನ್ನು ಪಡೆಯುವುದಕ್ಕೆ ಅಡ್ಡಿಯಿಲ್ಲ.