ಗಲ್ಫಿನ ಮೊದಲ ಕಾರು

ದುಬೈ, ಶಾರ್ಜಾಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಮಂಗಳೂರು, ಉಡುಪಿ, ಭಟ್ಕಳದ ತಮ್ಮಂದಿರೇ, ಮೊದಲ ವರ್ಷವೇ ದೊಡ್ಡ ಕಾರಿಗೆ ಸಾಲ ಮಾಡಬೇಡಿ. ಕಾರೇ ಬೇಡವೆನ್ನುತ್ತಿಲ್ಲ. ಆ ಬಿಸಿಲಿನಲ್ಲಿ, ಮಕ್ಕಳಿರುವ ಮನೆಗೆ, ಅದು ಬೇಕೇ ಬೇಕು. ಸೆಕೆಂಡ್ ಹ್ಯಾಂಡ್ ಕೊರೊಲಾ ಧಾರಾಳ ಸಾಕು.

ಅಲ್ಲಿನ ಬ್ಯಾಂಕುಗಳು ಕಾರಿನ ಬೆಲೆಯ ಶೇ. 80ರವರೆಗೆ, 60 ತಿಂಗಳ ಅವಧಿಗೆ ಸಾಲ ಕೊಡುತ್ತವೆ. ನಿಮ್ಮ ವೀಸಾ ಅಷ್ಟು ಕಾಲ ಇರುತ್ತದೆಂಬ ಭರವಸೆಯಿಲ್ಲ. ಕೆಲಸ ಹೋದರೆ ವೀಸಾವೂ ಹೋಗುತ್ತದೆ, ಕಂತು ಮಾತ್ರ ಉಳಿಯುತ್ತದೆ. ಸಾಲ ತೀರಿಸದೆ ಕಾರನ್ನು ಬೇರೆಯವರ ಹೆಸರಿಗೆ ಮಾಡಿಕೊಡಲು ಬರುವುದಿಲ್ಲ. ವಿಷಯ ಕೋರ್ಟಿಗೆ ಹೋದರೆ ದೇಶ ಬಿಡದಂತೆ ತಡೆಯೂ ಬೀಳಬಹುದು. 2008ರ ಆರ್ಥಿಕ ಕುಸಿತದ ನಂತರ, ಕಂತು ಕಟ್ಟಲಾಗದೆ ದುಬೈ ವಿಮಾನ ನಿಲ್ದಾಣದಲ್ಲೇ ಕಾರು ಬಿಟ್ಟು ಊರಿಗೆ ಓಡಿದವರ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಅವರಲ್ಲಿ ಬಹಳ ಮಂದಿ ನಿಮ್ಮಂತೆಯೇ ಕಷ್ಟಪಟ್ಟು ದುಡಿದವರಿರಬೇಕು.

ಅಲ್ಲಿನ ನಮ್ಮೂರವರ ಸಂಘದ ಕಾರ್ಯಕ್ರಮಕ್ಕೆ ಯಾರು ಯಾವ ಗಾಡಿಯಲ್ಲಿ ಬಂದರೆಂದು ನೋಡುವ ಕಣ್ಣುಗಳು ಇರುತ್ತವೆ, ನಿಜ. ಅವರು ನಿಮ್ಮ ಕಂತು ಕಟ್ಟುವುದಿಲ್ಲ. ಮೊದಲು ಆರು ತಿಂಗಳ ಮನೆಬಾಡಿಗೆಯಷ್ಟು ಹಣ ಕೂಡಿಡಿ, ಆಮೇಲೆ ಶೋರೂಮಿಗೆ ಹೋಗಿ.